ಹಳೆಯ ಎಂಜಿನ್ನಿಗೆ ಹೊಸ ಕಿವಿ, ಹೊಸ ದನಿ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗಾಗಿ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದಾರೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ವೃತ್ತಿಯಿಂದ ವಿದ್ಯುನ್ಮಾನ ತಂತ್ರಜ್ಞ. ಉದ್ಯೋಗ ನಿಮಿತ್ತವಾಗಿ ಹಲವು ವರ್ಷಗಳ ಕಾಲ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ನೆಲೆಸಿದ್ದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಗೋಪಿಂಗೆನ್ ಎಂಬ ಊರಿನಲ್ಲಿ, 1859ರಲ್ಲಿ ಆರಂಭವಾದ ಮೆರ್ಕ್ಲಿನ್ ಎಂಬ ಸಂಸ್ಥೆಯ ಮನೆ ಇದೆ. ಮಾದರಿ ರೈಲುಗಳಿಗೆ ಜಗತ್ಪ್ರಸಿದ್ಧವಾದ ಸಂಸ್ಥೆ ಅದು. ಆ ಸೀಮೆಯಲ್ಲಿ ಮಾದರಿ ರೈಲು ಮಕ್ಕಳ ಆಟಿಕೆ ಮಾತ್ರವಲ್ಲ. ವೈದ್ಯರು, ಉಪಾಧ್ಯಾಯರು, ನಿವೃತ್ತ ರೈಲ್ವೆ ನೌಕರರು ಕೂಡ ಮನೆಯ ನೆಲಮಾಳಿಗೆಯಲ್ಲಿ ಹಳಿ ಹಾಸಿ, ನಿಲ್ದಾಣ ಕಟ್ಟಿ, ಜೀವನಪರ್ಯಂತ ಅದನ್ನು ಬೆಳೆಸುತ್ತ ಹೋಗುತ್ತಾರೆ. ಅವರ ಸಹವಾಸದಿಂದ ನನಗೂ ಆ ಹವ್ಯಾಸ ಅಂಟಿತು.

ಇಂಥ ಹಳೆಯ ಮಾದರಿ ಎಂಜಿನ್ನಿಗೆ ಹೊಸ ನಿಯಂತ್ರಣ ಸಾಧನವನ್ನೂ ಧ್ವನಿಯನ್ನೂ ಜೋಡಿಸುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಬಯಸುತ್ತೇನೆ. ಶಾಲೆಯ ಪಾಠಗಳಲ್ಲಿ ಬರುವ ಓಮನ ನಿಯಮ, ವಿದ್ಯುತ್ಕಾಂತ, ದ್ವಿಮಾನ ಸಂಖ್ಯೆಗಳು – ಈ ಮೂರೂ ಅಂಗೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿನಲ್ಲಿ ಒಟ್ಟುಗೂಡಿರುವುದನ್ನು ವಿದ್ಯಾರ್ಥಿ ಮಿತ್ರರು ಇಲ್ಲಿ ಕಾಣಬಹುದು.

ಹಳೆಯ ಪದ್ಧತಿ ಮತ್ತು ಅದರ ಮಿತಿ

ಮಾದರಿ ರೈಲುಗಳಲ್ಲಿ ಹೆಚ್ಚು ಪ್ರಚಲಿತವಾದ ಅಳತೆಯನ್ನು ಎಚ್.ಒ. ಎಂದು ಕರೆಯುತ್ತಾರೆ. ನಿಜವಾದ ರೈಲಿನ 87 ಮೀಟರ್ ಇಲ್ಲಿ 1 ಮೀಟರ್ ಆಗುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಎಂಜಿನ್ನಿನೊಳಗೆ ಉಗಿಯಿಲ್ಲ, ಕಲ್ಲಿದ್ದಲಿಲ್ಲ. ಒಂದು ಚಿಕ್ಕ ವಿದ್ಯುತ್ ಮೋಟಾರು ಇರುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಹಳಿಗಳ ಮೂಲಕವೇ ಬರುತ್ತದೆ.

ಸಾಮಾನ್ಯ ಪದ್ಧತಿಯಲ್ಲಿ ಎರಡು ಹಳಿಗಳಿಗೆ 12 ವೋಲ್ಟ್‌ವರೆಗಿನ ನೇರ ವಿದ್ಯುತ್ತನ್ನು ಕೊಡುತ್ತಿದ್ದರು. ವೋಲ್ಟೇಜು ಹೆಚ್ಚಿದರೆ ವೇಗ ಹೆಚ್ಚುತ್ತದೆ; ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಇದು ಸರಳವಾದ ಏರ್ಪಾಡು. ಆದರೆ ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳಿದ್ದರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಇದನ್ನು ತಪ್ಪಿಸಲು ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ಚು ಇಡಬೇಕಾಗುತ್ತಿತ್ತು. ಮೇಲಾಗಿ, ರೈಲು ನಿಂತಾಗ ಹಳಿಯಲ್ಲಿ ವಿದ್ಯುತ್ತೇ ಇರುವುದಿಲ್ಲವಾದ್ದರಿಂದ ಅದರ ದೀಪವೂ ಆರುತ್ತಿತ್ತು. ನಿಂತ ಎಂಜಿನ್ ದನಿ ಮಾಡುವ ಮಾತಂತೂ ದೂರ.

ಈ ತೊಡಕಿನ ಮೂಲ ಒಂದೇ: ಶಕ್ತಿ ಮತ್ತು ಆಜ್ಞೆ ಎರಡೂ ಬೇರೆ ಬೇರೆಯಾಗಿರಲಿಲ್ಲ. ಹಳಿಯಲ್ಲಿರುವ ವೋಲ್ಟೇಜೇ ಶಕ್ತಿ, ಅದೇ ಆಜ್ಞೆ. ಇವೆರಡನ್ನು ಬೇರ್ಪಡಿಸಿದ್ದೇ ನವೀಕರಣದ ತಿರುಳು.

ಹಳಿಯ ಮೇಲೆ ಹಾಜರಿ

1980ರ ದಶಕದಲ್ಲಿ ಸಂಖ್ಯಾತ್ಮಕ, ಅಂದರೆ ಡಿಜಿಟಲ್ ಪದ್ಧತಿಗಳು ಬಂದವು. ಮೆರ್ಕ್ಲಿನ್ ಸಂಸ್ಥೆ ಮೊಟೊರೋಲಾ ಚಿಪ್ಪುಗಳನ್ನು ಬಳಸಿ ತನ್ನ ಪದ್ಧತಿಯನ್ನು ರೂಪಿಸಿತು. ಅದರಲ್ಲಿ 80 ಎಂಜಿನ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡಬಹುದಾಗಿತ್ತು. ಅದೇ ದಶಕದ ಕೊನೆಯಲ್ಲಿ ಜರ್ಮನಿಯ ಗೀಸೆನ್ ನಗರದ ಲೆಂಟ್ಸ್ ಸಂಸ್ಥೆ ಎರಡು ಹಳಿಯ ರೈಲುಗಳಿಗೆ ಇನ್ನೊಂದು ಪದ್ಧತಿಯನ್ನು ಸಿದ್ಧಪಡಿಸಿತು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಇದನ್ನು ಆಧಾರವಾಗಿಟ್ಟುಕೊಂಡು 1994ರಲ್ಲಿ ಮಾನದಂಡವನ್ನು ಅಂಗೀಕರಿಸಿತು. ಅದೇ ಡಿ.ಸಿ.ಸಿ. ಮಾನದಂಡವು ಎಲ್ಲರಿಗೂ ಸಮಾನವಾದ್ದರಿಂದ ಒಂದು ಸಂಸ್ಥೆಯ ಎಂಜಿನ್ನನ್ನು ಇನ್ನೊಂದು ಸಂಸ್ಥೆಯ ನಿಯಂತ್ರಕದಿಂದ ಓಡಿಸುವುದು ಸಾಧ್ಯವಾಯಿತು.

ಇದರ ಕೆಲಸವನ್ನು ತರಗತಿಯ ಹಾಜರಿಗೆ ಹೋಲಿಸಬಹುದು. ಗುರುಗಳು ಹಾಜರಿ ಪುಸ್ತಕದಿಂದ ಒಂದು ಹೆಸರನ್ನು ಕೂಗಿದಾಗ ಅದು ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಎದ್ದು ನಿಲ್ಲುವವನು ಆ ಹೆಸರಿನವನು ಮಾತ್ರ. ಹಾಗೆಯೇ ಹಳಿಯಲ್ಲಿ ಸದಾ ಒಂದೇ ಪ್ರಮಾಣದ ವೋಲ್ಟೇಜು ಇರುತ್ತದೆ. ಅದರ ದಿಕ್ಕು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ದಿಕ್ಕು ಬದಲಾಗುವ ಅವಧಿಯಲ್ಲಿಯೇ ಸಂದೇಶ ಅಡಗಿದೆ. ಒಂದೊಂದು ದಿಕ್ಕಿನಲ್ಲಿಯೂ 58 ಮೈಕ್ರೋಸೆಕೆಂಡು ನಿಂತರೆ ಅದು ‘1’ ಎಂಬ ಅಂಕೆ. 100 ಮೈಕ್ರೋಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅದು ‘0’.

ಒಂದು ಸಾಮಾನ್ಯ ಆಜ್ಞೆಯಲ್ಲಿ ಮೊದಲು ಕನಿಷ್ಠ 14 ಬಾರಿ ‘1’ ಬರುತ್ತದೆ. ಇದು ಗುರುಗಳು ಮೇಜು ತಟ್ಟಿ ಗಮನ ಸೆಳೆದಂತೆ. ಆಮೇಲೆ ಎಂಟು ಅಂಕೆಗಳ ವಿಳಾಸ, ಎಂಟು ಅಂಕೆಗಳ ಆಜ್ಞೆ, ಕೊನೆಗೆ ಎಂಟು ಅಂಕೆಗಳ ತಾಳೆ. ತಾಳೆಯ ಸಂಖ್ಯೆಯನ್ನು ಹಿಂದಿನ ಎರಡರಿಂದಲೇ ಗಣಿಸಿರುತ್ತಾರೆ. ಎಂಜಿನ್ ತಾನೂ ಆ ಲೆಕ್ಕ ಮಾಡಿ ನೋಡುತ್ತದೆ. ಹೊಂದಿಕೆಯಾಗದಿದ್ದರೆ ಆ ಆಜ್ಞೆಯನ್ನು ಬಿಟ್ಟುಬಿಡುತ್ತದೆ. ಇಷ್ಟೂ ನಡೆಯಲು ಹಿಡಿಯುವ ಕಾಲ ಸುಮಾರು 6 ಮಿಲಿಸೆಕೆಂಡು ಮಾತ್ರ. ಆದ್ದರಿಂದ ಒಂದು ಸೆಕೆಂಡಿನಲ್ಲಿ ನೂರಕ್ಕೂ ಮಿಕ್ಕಿ ಆಜ್ಞೆಗಳು ಹೋಗಬಲ್ಲವು. ಒಂದು ತಪ್ಪಿದರೆ ಅದೇ ಆಜ್ಞೆ ಮತ್ತೆ ಬಂದೇ ಬರುತ್ತದೆ.

ಈ ಆಜ್ಞೆಯನ್ನು ಕೇಳಿಸಿಕೊಳ್ಳುವ ಕಿವಿಯೇ ಡಿಕೋಡರ್. ಅಂಚೆಚೀಟಿಯಷ್ಟಗಲದ ಈ ಹಲಗೆಯು ಹಳಿಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿಕೊಂಡು, ತನ್ನ ವಿಳಾಸಕ್ಕೆ ಬಂದ ಆಜ್ಞೆಯಂತೆ ಮೋಟಾರಿಗೆ, ದೀಪಗಳಿಗೆ, ಸ್ಪೀಕರಿಗೆ ಬೇಕಾದಷ್ಟು ಹಂಚುತ್ತದೆ. ಮೋಟಾರಿಗೆ ವೋಲ್ಟೇಜನ್ನು ಕಡಿಮೆ ಮಾಡಿ ಕೊಡುವುದಿಲ್ಲ. ಪೂರ್ಣ ವೋಲ್ಟೇಜನ್ನೇ ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸುತ್ತದೆ. ಹಚ್ಚಿದ ಅವಧಿ ಹೆಚ್ಚಿದಷ್ಟೂ ವೇಗ ಹೆಚ್ಚು.

ನೆರೆಮನೆಯ ಎಂಜಿನ್

ತತ್ತ್ವವನ್ನು ಇಷ್ಟು ತಿಳಿದ ಮೇಲೆ ಪ್ರಯೋಗಕ್ಕೆ ಬರೋಣ. ಸ್ಟುಟ್‌ಗಾರ್ಟಿನಲ್ಲಿ ನಮ್ಮ ನೆರೆಮನೆಯಲ್ಲಿ ವೃದ್ಧೆಯೊಬ್ಬರಿದ್ದರು. ಅವರ ಪತಿ ತೀರಿಕೊಂಡಿದ್ದರು. ಪತಿಯು ಬಾಲ್ಯದಲ್ಲಿ ಪಡೆದಿದ್ದ ಮೆರ್ಕ್ಲಿನ್ ಎಂಜಿನ್ನೊಂದನ್ನು ಅವರು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿತ್ತರು. ಮೊಮ್ಮಗನ ಬಳಿ ಹೊಸ ಡಿಜಿಟಲ್ ರೈಲಿತ್ತು. ಅಜ್ಜನ ಎಂಜಿನ್ ಅದರ ಮೇಲೆ ಓಡುತ್ತಿರಲಿಲ್ಲ. ಅದು ಓಡಬೇಕು, ಉಗಿಬಂಡಿಯಂತೆ ಸದ್ದು ಮಾಡಬೇಕು, ಆದರೆ ಅಜ್ಜ ಮುಟ್ಟಿದ ಒಂದು ಭಾಗವೂ ಹಾಳಾಗಬಾರದು – ಇದು ಅವರ ಕೋರಿಕೆ. ಹೊಸದೊಂದನ್ನು ಕೊಳ್ಳುವುದು ಸುಲಭವಾಗಿತ್ತು. ಆದರೆ ಅದು ಅಜ್ಜನದಾಗುತ್ತಿರಲಿಲ್ಲ.

ಅದು ಜರ್ಮನ್ ರೈಲ್ವೆಯ 24ನೇ ವರ್ಗದ ಉಗಿ ಎಂಜಿನ್ನಿನ ಮಾದರಿ. 1928ರಿಂದ 1940ರವರೆಗೆ ಆ ವರ್ಗದ 95 ಎಂಜಿನ್‌ಗಳು ತಯಾರಾದವು. ಕವಲು ದಾರಿಗಳಲ್ಲಿ ಪ್ರಯಾಣಿಕರನ್ನು ಒಯ್ಯುತ್ತಿದ್ದ, ಎರಡು ಸಿಲಿಂಡರಿನ ಸಾಧು ಯಂತ್ರ. ಚಾಲಕ ಚಕ್ರದ ವ್ಯಾಸ 1500 ಮಿಲಿಮೀಟರ್.

ವೃದ್ಧೆಯವರ ಮಾತನ್ನು ನಾನು ಕೆಲಸದ ನಿಯಮವನ್ನಾಗಿಯೇ ಮಾಡಿಕೊಂಡೆ: ಅರದಿಂದ ಏನನ್ನೂ ಉಜ್ಜಬಾರದು, ಹೊಸ ತೂತು ಕೊರೆಯಬಾರದು, ಕಳಚಿದ ಪ್ರತಿಯೊಂದು ಭಾಗವನ್ನೂ ಚೀಟಿ ಬರೆದು ಡಬ್ಬಿಯಲ್ಲಿ ಇಡಬೇಕು. ಯಾವಾಗ ಬೇಕಾದರೂ ಎಂಜಿನ್ ಮೊದಲಿನ ಸ್ಥಿತಿಗೆ ಮರಳುವಂತಿರಬೇಕು. ಹಳೆಯ ವಸ್ತುವಿನ ಮೇಲೆ ಕೈಯಿಡುವವರಿಗೆಲ್ಲ ಈ ನಿಯಮ ಒಳ್ಳೆಯದೆಂದು ನನ್ನ ಅಭಿಮತ.

ಮೋಟಾರಿನ ಪರಿವರ್ತನೆ

ಹಳೆಯ ಮೆರ್ಕ್ಲಿನ್ ಎಂಜಿನ್‌ಗಳ ಏರ್ಪಾಡು ವಿಶಿಷ್ಟವಾದುದು. ಅಲ್ಲಿ ಹೊರಗಿನ ಎರಡು ಹಳಿಗಳೂ ಒಂದೇ ತುದಿ. ಇನ್ನೊಂದು ತುದಿ ಹಳಿಗಳ ನಡುವಣ ಮೊಳೆಗಳ ಸಾಲು. ಎಂಜಿನ್ನಿನ ತಳದಲ್ಲಿರುವ ಜಾರುಪಟ್ಟಿಯು ಆ ಮೊಳೆಗಳ ಮೇಲೆ ಉಜ್ಜುತ್ತ ವಿದ್ಯುತ್ತನ್ನು ಪಡೆಯುತ್ತದೆ. ವಿದ್ಯುತ್ತು ನೇರವಾದುದಲ್ಲ, 16 ವೋಲ್ಟಿನವರೆಗಿನ ಪರ್ಯಾಯ ವಿದ್ಯುತ್ತು.

ಪರ್ಯಾಯ ವಿದ್ಯುತ್ತಿನಲ್ಲಿ ಓಡಬೇಕಾದ್ದರಿಂದ ಮೋಟಾರಿನ ತಿರುಗುವ ಭಾಗವೂ ಸ್ಥಿರ ಭಾಗವೂ ಎರಡೂ ವಿದ್ಯುತ್ಕಾಂತಗಳೇ. ಪ್ರವಾಹದ ದಿಕ್ಕು ಬದಲಾದಾಗ ಎರಡರ ಧ್ರುವಗಳೂ ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಮೊದಲಿನಂತೆಯೇ ಉಳಿಯುತ್ತದೆ. ಹಾಗಾದರೆ ಎಂಜಿನ್ನನ್ನು ಹಿಂದಕ್ಕೆ ಓಡಿಸುವ ಬಗೆ ಹೇಗೆ? ಸ್ಥಿರ ಭಾಗಕ್ಕೆ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸುತ್ತಿದ ಎರಡು ಸುರುಳಿಗಳಿರುತ್ತವೆ. ಹಳಿಗೆ ಕ್ಷಣಕಾಲ 24 ವೋಲ್ಟ್ ಕೊಟ್ಟರೆ, ಒಳಗಿನ ಚಿಕ್ಕ ರಿಲೇ ‘ಟಕ್’ ಎಂದು ಒಂದು ಸುರುಳಿಯಿಂದ ಇನ್ನೊಂದಕ್ಕೆ ಹೊರಳುತ್ತದೆ.

ಡಿಕೋಡರ್ ಕೊಡುವುದಾದರೋ ನೇರ ವಿದ್ಯುತ್ತು. ಆದ್ದರಿಂದ ರಿಲೇಯನ್ನು ತೆಗೆದು, ಸುರುಳಿ ಸುತ್ತಿದ ಸ್ಥಿರ ಭಾಗದ ಬದಲು ಅದೇ ಆಕಾರದ ಶಾಶ್ವತ ಅಯಸ್ಕಾಂತವನ್ನು ಕೂರಿಸಬೇಕು. ಇದಕ್ಕೆಂದೇ ತಯಾರಿಸಿದ ಅಯಸ್ಕಾಂತಗಳು ದೊರೆಯುತ್ತವೆ. ಹಳೆಯ ತಿರುಪುಗಳಿಗೇ ಅವು ಹೊಂದುತ್ತವೆ. ಈಗ ತಿರುಗುವ ಭಾಗದ ಪ್ರವಾಹವನ್ನು ಮಾತ್ರ ಅದಲುಬದಲು ಮಾಡಿದರೆ ಸಾಕು, ಎಂಜಿನ್ ದಿಕ್ಕು ಬದಲಿಸುತ್ತದೆ.

ಶಾಶ್ವತ ಅಯಸ್ಕಾಂತದಿಂದ ಇನ್ನೊಂದು ಉಪಕಾರವಿದೆ. ತಿರುಗುತ್ತಿರುವ ಮೋಟಾರಿಗೆ ಕ್ಷಣಕಾಲ ವಿದ್ಯುತ್ತನ್ನು ನಿಲ್ಲಿಸಿದರೆ ಅದು ಜನರೇಟರಿನಂತೆ ತಾನೇ ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಎಷ್ಟೋ ವೋಲ್ಟೇಜು ಅಷ್ಟು. ಡಿಕೋಡರ್ ಇದನ್ನು ಅಳೆದು ನಿಜವಾದ ವೇಗವನ್ನು ತಿಳಿಯುತ್ತದೆ. ಏರಿನಲ್ಲಿ ವೇಗ ಕುಂದಿದರೆ ಹೆಚ್ಚು ಶಕ್ತಿ ಕೊಡುತ್ತದೆ, ಇಳಿಜಾರಿನಲ್ಲಿ ತಗ್ಗಿಸುತ್ತದೆ. ಮೊದಲು ಜಿಗಿದು ಹೊರಡುತ್ತಿದ್ದ ಎಂಜಿನ್ ಈಗ ಇರುವೆಯ ನಡಿಗೆಯಲ್ಲಿ ಹೊರಡಬಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇಲ್ಲಿದೆ. ಹಳೆಯ ಎಂಜಿನ್‌ಗಳಲ್ಲಿ ಲೋಹದ ಚೌಕಟ್ಟೇ ವಿದ್ಯುತ್ತಿನ ಹಿಂದಿರುಗುವ ದಾರಿ. ಡಿಕೋಡರಿಗೆ ಮೋಟಾರನ್ನು ಜೋಡಿಸಿದ ಮೇಲೆ ಅದರ ಎರಡು ಬ್ರಶ್ಶುಗಳಲ್ಲಿ ಯಾವುದೂ ಚೌಕಟ್ಟಿಗೆ ತಾಗಿರಕೂಡದು. ತಾಗಿದರೆ ಹಳಿಯ ವಿದ್ಯುತ್ತು ಡಿಕೋಡರಿನ ಹೊರದಾರಿಗೆ ನುಗ್ಗಿ ಅದು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಡಿಕೋಡರನ್ನು ಜೋಡಿಸುವ ಮೊದಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಚೌಕಟ್ಟಿಗೂ ಇನ್ನೊಂದನ್ನು ಒಂದೊಂದು ಬ್ರಶ್ಶಿಗೂ ಇಟ್ಟು ನೋಡಬೇಕು. ಮುಳ್ಳು ಅಲುಗಬಾರದು. ಈ ಎರಡು ನಿಮಿಷದ ಪರೀಕ್ಷೆಯ ಮೇಲೆ ಇಡೀ ಕೆಲಸದ ಭವಿಷ್ಯ ನಿಂತಿದೆ.

ತಂತಿಗಳ ಬಣ್ಣಗಳನ್ನು ಮಾನದಂಡದಲ್ಲಿಯೇ ಗೊತ್ತುಪಡಿಸಲಾಗಿದೆ. ಕೆಂಪು ಮತ್ತು ಕಪ್ಪು ಹಳಿಯಿಂದ ಬರುವ ವಿದ್ಯುತ್ತಿಗೆ. ನಮ್ಮ ಎಂಜಿನ್ನಿನಲ್ಲಿ ಕೆಂಪು ಜಾರುಪಟ್ಟಿಗೆ, ಕಪ್ಪು ಚೌಕಟ್ಟಿಗೆ. ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ, ನೀಲಿ ದೀಪಗಳ ಸಮಾನ ಧನ ತುದಿಗೆ. ಹಳೆಯ ಬಲ್ಬಿನ ಜಾಗದಲ್ಲಿ ಎಲ್.ಇ.ಡಿ. ಹಾಕುವುದಾದರೆ ಓಮನ ನಿಯಮ ನೆನಪಿಗೆ ಬರಬೇಕು. ಡಿಕೋಡರಿನಿಂದ 20 ವೋಲ್ಟ್ ಬರುತ್ತದೆ, ಎಲ್.ಇ.ಡಿ.ಗೆ 3 ವೋಲ್ಟ್ ಸಾಕು, 5 ಮಿಲಿಆಂಪಿಯರ್ ಪ್ರವಾಹ ಬೇಕು ಎಂದಿಟ್ಟುಕೊಳ್ಳೋಣ. ಉಳಿದ 17 ವೋಲ್ಟನ್ನು 0.005 ಆಂಪಿಯರಿನಿಂದ ಭಾಗಿಸಿದರೆ 3400 ಓಮ್. ಅಂಗಡಿಯಲ್ಲಿ ಸಿಗುವ 3.3 ಕಿಲೋ ಓಮಿನ ರೆಸಿಸ್ಟರ್ ಇದಕ್ಕೆ ಯೋಗ್ಯ.

ದನಿಯ ವಿಚಾರ

ಧ್ವನಿಯಿರುವ ಡಿಕೋಡರಿನಲ್ಲಿ ನಿಜವಾದ ಎಂಜಿನ್‌ಗಳಿಂದ ಮುದ್ರಿಸಿಕೊಂಡ ಸದ್ದುಗಳು ಸಂಗ್ರಹವಾಗಿರುತ್ತವೆ. ಅಮೆರಿಕದ ಕೊಲರಾಡೊ ರಾಜ್ಯದ ಸೌಂಡ್‌ಟ್ರ್ಯಾಕ್ಸ್, ಜರ್ಮನಿಯ ನೋಯ್-ಉಲ್ಮ್ ನಗರದ ಇ.ಎಸ್.ಯು., ವಿಯೆನ್ನಾದ ಜಿಮೋ ಮೊದಲಾದ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಹೆಸರಾಗಿವೆ. ಸದ್ದು ಒಂದೇ ನಾಡಾ ಸುರುಳಿಯಂತೆ ಉದ್ದಕ್ಕೆ ಇರುವುದಿಲ್ಲ. ಬಿಡಿ ಬಿಡಿ ತುಣುಕುಗಳಾಗಿರುತ್ತದೆ. ನಿಂತಾಗಿನ ಗುಸುಗುಸು, ಹೊರಡುವಾಗಿನ ಭಾರವಾದ ಉಸಿರು, ಓಟದ ಲಯ, ಸೀಟಿ, ಪಂಪು, ಬೆಂಕಿಗೆ ಕಲ್ಲಿದ್ದಲು ಎಸೆಯುವ ಸಲಿಕೆಯ ಸದ್ದು – ಇವುಗಳನ್ನು ಡಿಕೋಡರ್ ಸಮಯ ನೋಡಿ ಆಯ್ದು, ಬೆರೆಸಿ ಹೊರಡಿಸುತ್ತದೆ.

ಉಗಿಬಂಡಿಯ ಉಸಿರು ಮನಬಂದಂತೆ ಬರುವುದಲ್ಲ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಚಕ್ರ ಒಮ್ಮೆ ಸುತ್ತುವಷ್ಟರಲ್ಲಿ ಎರಡು ಬಾರಿ ಉಗಿಯನ್ನು ಹೊರಬಿಡುತ್ತದೆ. ಒಟ್ಟು ನಾಲ್ಕು ಉಸಿರು. 1500 ಮಿಲಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ 4.71 ಮೀಟರ್ ಹೋಗುತ್ತದೆ. ಅಂದರೆ ಸುಮಾರು 1.18 ಮೀಟರಿಗೆ ಒಂದು ಉಸಿರು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು. 30 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಏಳು. ಇದನ್ನು 87ರಿಂದ ಭಾಗಿಸಿದರೆ ಮಾದರಿ ಎಂಜಿನ್ ಪ್ರತಿ 13.5 ಮಿಲಿಮೀಟರಿಗೆ ಒಮ್ಮೆ ಉಸಿರುಬಿಡಬೇಕು. ಚಕ್ರಕ್ಕೆ ಚಿಕ್ಕ ಸಂವೇದಕವನ್ನು ಜೋಡಿಸಿ ಇದನ್ನು ಕರಾರುವಾಕ್ಕಾಗಿ ಸಾಧಿಸಬಹುದು. ಅದಿಲ್ಲದಿದ್ದರೆ ಡಿಕೋಡರಿನೊಳಗಿನ ಅಂಕಿಯನ್ನು ಹೊಂದಿಸಿ, ಚಕ್ರದ ಮೇಲೆ ಸುಣ್ಣದ ಚುಕ್ಕೆಯಿಟ್ಟು, ಒಂದು ಸುತ್ತಿಗೆ ನಾಲ್ಕು ಬರುವವರೆಗೆ ತಿದ್ದಬಹುದು. ನಾನು ಮಾಡಿದ್ದು ಎರಡನೆಯದು. ಸಂವೇದಕಕ್ಕೆ ತೂತು ಕೊರೆಯಬೇಕಾಗುತ್ತಿತ್ತು.

ಸ್ಪೀಕರ್ ಸಕ್ಕರೆ ಅಚ್ಚಿನಷ್ಟು ಚಿಕ್ಕದು. ಇದನ್ನು ಬರಿದೇ ಇಟ್ಟರೆ ದನಿ ಸೊಳ್ಳೆಯ ಗುಂಯ್‌ಗುಡುವಿಕೆಯಂತಿರುತ್ತದೆ. ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿಯನ್ನು ತಳ್ಳಿದಾಗ ಹಿಂದೆ ಅಷ್ಟೇ ಗಾಳಿ ಸೆಳೆಯಲ್ಪಡುತ್ತದೆ. ಎರಡೂ ಕಲೆತು ಒಂದನ್ನೊಂದು ಅಳಿಸಿಬಿಡುತ್ತವೆ. ಹಿಂಬದಿಯನ್ನು ಗಾಳಿಯಾಡದ ಪೆಟ್ಟಿಗೆಯಿಂದ ಮುಚ್ಚಿದರೆ ಅದೇ ಸ್ಪೀಕರ್ ಗಂಭೀರವಾಗಿ ಮಾತಾಡುತ್ತದೆ. ನಮ್ಮ ಎಂಜಿನ್ನಿನಲ್ಲಿ ಸ್ಪೀಕರನ್ನೂ ಡಿಕೋಡರನ್ನೂ ಹಿಂದಿನ ಟೆಂಡರಿನ ಪೊಳ್ಳಿನಲ್ಲಿ ಇಟ್ಟು, ತೆಳುವಾದ ಮೆತ್ತನೆಯ ತಂತಿಗಳಿಂದ ಎಂಜಿನ್ನಿಗೆ ಜೋಡಿಸಿದೆ. ಸ್ಪೀಕರಿನ ಓಮ್ ಸಂಖ್ಯೆ ಡಿಕೋಡರ್ ಬೇಡುವಷ್ಟೇ ಇರಬೇಕು; ಕಡಿಮೆಯಾದರೆ ಹೆಚ್ಚು ಪ್ರವಾಹ ಹರಿದು ಧ್ವನಿಭಾಗ ಕೆಡುತ್ತದೆ.

ಹಳಿಯ ಮೇಲೆ ಧೂಳಿದ್ದರೆ ವಿದ್ಯುತ್ತು ಕ್ಷಣಕಾಲ ತಪ್ಪುತ್ತದೆ. ಓಟದಲ್ಲಿ ಅದು ಕಾಣದು, ಆದರೆ ದನಿಯಲ್ಲಿ ಬಿಕ್ಕಳಿಕೆ ಕೇಳಿಸುತ್ತದೆ. ಇದಕ್ಕೆ ಕೆಪಾಸಿಟರ್ ಪರಿಹಾರ. 1000 ಮೈಕ್ರೋಫ್ಯಾರಡ್ ಕೆಪಾಸಿಟರಿನ ವೋಲ್ಟೇಜು 16ರಿಂದ 10ಕ್ಕೆ ಇಳಿಯುವಷ್ಟರಲ್ಲಿ, 0.25 ಆಂಪಿಯರ್ ಪ್ರವಾಹವನ್ನು 24 ಮಿಲಿಸೆಕೆಂಡು ಒದಗಿಸುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಸಮನಾದ ಮಾದರಿ ವೇಗದಲ್ಲಿ ಅಷ್ಟು ಹೊತ್ತಿಗೆ ಎಂಜಿನ್ 2 ಮಿಲಿಮೀಟರಿಗಿಂತ ತುಸು ಹೆಚ್ಚು ಸಾಗಿರುತ್ತದೆ. ಧೂಳಿನ ಕಣವನ್ನು ದಾಟಲು ಅಷ್ಟು ಸಾಕು. ಕೆಪಾಸಿಟರನ್ನು ಡಿಕೋಡರ್ ತಯಾರಕರು ಹೇಳಿದ ಸ್ಥಳದಲ್ಲಿಯೇ ಜೋಡಿಸಬೇಕು. ಹಳಿಗೆ ನೇರವಾಗಿ ಎಂದೂ ಜೋಡಿಸಬಾರದು.

ಮೊದಲ ಪರೀಕ್ಷೆ

ಬೆಸುಗೆ ಮುಗಿದೊಡನೆ ಎಂಜಿನ್ನನ್ನು ಓಟದ ಹಳಿಯ ಮೇಲೆ ಇಡುವುದು ವಿವೇಕವಲ್ಲ. ನಿಯಂತ್ರಕಗಳಲ್ಲಿ ಪರೀಕ್ಷೆಗೆಂದೇ ಬೇರೆ ಹಳಿಯ ಏರ್ಪಾಡಿರುತ್ತದೆ. ಅದರಲ್ಲಿ ಪ್ರವಾಹ ಬಹಳ ಸೀಮಿತವಾದ್ದರಿಂದ, ತಂತಿಯಲ್ಲಿ ದೋಷವಿದ್ದರೂ ಡಿಕೋಡರ್ ಸುಡುವ ಸಂಭವ ಕಡಿಮೆ. ಇಲ್ಲಿ ಎಂಜಿನ್ನಿಗೆ ವಿಳಾಸ ಕೊಡಬೇಕು. ಹೊಸ ಡಿಕೋಡರುಗಳು ಸಾಮಾನ್ಯವಾಗಿ 3 ಎಂಬ ವಿಳಾಸದೊಂದಿಗೆ ಬರುತ್ತವೆ. ನಾನು ಅದನ್ನು 24 ಎಂದು ಬದಲಿಸಿದೆ. ಡಿಕೋಡರಿನ ಗುಣಗಳನ್ನು ನಿರ್ಧರಿಸುವ ಅಂಕಿಗಳನ್ನು ಸಿ.ವಿ. ಎನ್ನುತ್ತಾರೆ. ಮೊದಲನೆಯ ಸಿ.ವಿ. ವಿಳಾಸಕ್ಕೆ, ಎರಡನೆಯದು ಹೊರಡುವ ವೋಲ್ಟೇಜಿಗೆ, ಮೂರು ಮತ್ತು ನಾಲ್ಕು ವೇಗ ಏರುವ, ಇಳಿಯುವ ನಿಧಾನಕ್ಕೆ, ಐದನೆಯದು ಗರಿಷ್ಠ ವೇಗಕ್ಕೆ. ಮಾನದಂಡದ ಪ್ರಕಾರ ಮೂರನೆಯದರಲ್ಲಿ 20 ಬರೆದರೆ, ನಿಂತ ಎಂಜಿನ್ ಪೂರ್ಣ ವೇಗಕ್ಕೆ ಬರಲು ಸುಮಾರು 18 ಸೆಕೆಂಡು ತೆಗೆದುಕೊಳ್ಳುತ್ತದೆ.

ಅಂಕಿಯನ್ನು ಸ್ವೀಕರಿಸಿದ ಎಂಜಿನ್ ಉತ್ತರ ಕೊಡುವ ಬಗೆ ಸೊಗಸಾದುದು. ಸುಮಾರು 6 ಮಿಲಿಸೆಕೆಂಡು ಕಾಲ ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ನಿಯಂತ್ರಕವು ಅದನ್ನು ಗುರುತಿಸುತ್ತದೆ. ಸಾಮಾನ್ಯವಾಗಿ ಮೋಟಾರಿನಿಂದಲೇ ಇದನ್ನು ಮಾಡುವುದರಿಂದ ಎಂಜಿನ್ ಕೂದಲೆಳೆಯಷ್ಟು ಅಲುಗುತ್ತದೆ. ಹೆಸರು ಕೂಗಿದಾಗ ‘ಹಾಜರ್ ಗುರುಗಳೇ’ ಎಂದಂತೆ!

ಇನ್ನೊಂದು ಮಾತು. ಹೀಗೆ ನವೀಕರಿಸಿದ ಎಂಜಿನ್ನನ್ನು ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಓಡಿಸಬಾರದು. ದಿಕ್ಕು ಬದಲಿಸಲು ಅದು ಕೊಡುವ ಹೆಚ್ಚಿನ ವೋಲ್ಟೇಜಿನ ಪೆಟ್ಟನ್ನು ರಿಲೇ ತಾಳಿಕೊಳ್ಳುತ್ತಿತ್ತು, ಡಿಕೋಡರ್ ತಾಳಲಾರದು.

ಮೊಮ್ಮಗ 24 ಎಂದು ಒತ್ತಿದಾಗ ಅಜ್ಜನ ಎಂಜಿನ್ ಮೊದಲು ನಿಂತಲ್ಲೇ ಉಸಿರಾಡಿತು, ದೀಪ ಹಚ್ಚಿತು, ಸೀಟಿ ಹಾಕಿ ನಿಧಾನವಾಗಿ ಹೊರಟಿತು. ವೃದ್ಧೆಯವರು ಏನೂ ಮಾತಾಡಲಿಲ್ಲ. ಕಳಚಿದ ರಿಲೇಯೂ ಸುರುಳಿಯೂ ಇದ್ದ ಡಬ್ಬಿಯನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು ಅದು ಒಂದು ಸುತ್ತು ಬರುವವರೆಗೆ ನೋಡುತ್ತ ನಿಂತಿದ್ದರು.

ಮುದ್ರಿಸದೆ ಉಳಿದ ದನಿಗಳು

ಜರ್ಮನಿಯಲ್ಲಿ 24ನೇ ವರ್ಗದ ಕೆಲವು ಎಂಜಿನ್‌ಗಳನ್ನು ಜೋಪಾನ ಮಾಡಿದ್ದಾರೆ.  ನಮ್ಮ ದೇಶದ ಮೀಟರ್ ಗೇಜ್ ದಾರಿಗಳಿಗಾಗಿ 1949ರಿಂದ 1970ರವರೆಗೆ 871 ವೈ.ಪಿ. ಎಂಜಿನ್‌ಗಳು ತಯಾರಾದವು. ಅವುಗಳ ಚಾಲಕ ಚಕ್ರದ ವ್ಯಾಸ 1372 ಮಿಲಿಮೀಟರ್. ಮೇಲಿನ ಲೆಕ್ಕವನ್ನೇ ಹಾಕಿದರೆ ಸುಮಾರು 1.08 ಮೀಟರಿಗೆ ಒಂದು ಉಸಿರು. ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಗಣಿಸಬಹುದು. ಆದರೆ ಆ ಉಸಿರಿನ ದನಿ ಹೇಗಿತ್ತೆಂಬುದನ್ನು ಗಣಿತ ಹೇಳಲಾರದು. ಮುದ್ರಿಸಿಟ್ಟವರು ಮಾತ್ರ ಕೇಳಿಸಬಲ್ಲರು. ಸೊಲ್ಲಾಪುರದವರಾದ ನಾವು ಹೊಟಗಿಯಲ್ಲಿ ಹತ್ತಿ ವಿಜಯಪುರ, ಗದಗುಗಳಿಗೆ ಹೋಗುತ್ತಿದ್ದ ಮೀಟರ್ ಗೇಜ್ ದಾರಿ ಇಂದು ಬ್ರಾಡ್ ಗೇಜ್ ಆಗಿದೆ. ಪ್ರಯಾಣಕ್ಕೆ ಅದು ಒಳ್ಳೆಯದೇ. ಆ ದಾರಿಯ ಹಳೆಯ ಸದ್ದು ಮಾತ್ರ ಹಿರಿಯರ ನೆನಪಿನಲ್ಲಷ್ಟೇ ಉಳಿದಿದೆ.

ಡಿಕೋಡರ್ ಎಷ್ಟೇ ಜಾಣನಾದರೂ ಇಲ್ಲದ ದನಿಯನ್ನು ಹುಟ್ಟಿಸಲಾರದು. ಯಾರೋ ಕೂಡಿಟ್ಟದ್ದನ್ನು ಸಕಾಲದಲ್ಲಿ ನುಡಿಸುತ್ತದೆ, ಅಷ್ಟೆ. ಇದು ಯಂತ್ರಕ್ಕೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ಮನೆಗಳಲ್ಲಿ ಬೀಸುವ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಈ ಗಡಿಸೀಮೆಯ ಕನ್ನಡ ಅವರ ಬಾಯಲ್ಲಿ ಇರುವಂತೆ ಪುಸ್ತಕದಲ್ಲಿಲ್ಲ. ಇಂದು ಪ್ರತಿ ಮನೆಯಲ್ಲಿಯೂ ದನಿ ಮುದ್ರಿಸುವ ಸಾಧನವಿದೆ. ವಿದ್ಯಾರ್ಥಿ ಮಿತ್ರರು ಅದನ್ನು ಅವರ ಮುಂದೆ ಹಿಡಿದು ಒಂದು ಪದವನ್ನಾದರೂ ಮುದ್ರಿಸಿ, ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದು ಶಾಲೆಯಲ್ಲಿ ಇಡಲಿ ಎಂದು ವಿನಂತಿಸುತ್ತೇನೆ. ಬೆಸುಗೆ ಹಾಕಲು ಕಲಿಯಬಯಸುವವರು ಹಳೆಯ ರೇಡಿಯೋ ಒಂದರಿಂದ ಆರಂಭಿಸಲಿ. ತಿರುಪು ಬಿಚ್ಚುವ ಮೊದಲು ಚೀಟಿ ಬರೆಯುವುದನ್ನು ಮರೆಯದಿರಲಿ.

ಐವತ್ತು ವರ್ಷ ಹಾಜರಿ ಕೂಗಿದ ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ, ಅಂದಿನ ಮಕ್ಕಳೂ ಕನ್ನಡದಲ್ಲಿಯೇ ‘ಹಾಜರ್’ ಎನ್ನಲಿ ಎಂದು ಹಾರೈಸುತ್ತ ಈ ಲೇಖನವನ್ನು ಮುಗಿಸುತ್ತೇನೆ.